ಹೊಸದಕ್ಕೆ ತುಕ್ಕು

ಮಾನ್ವಿಯಿಂದ ಸಿಂಧನೂರಿಗೆ ಹೋಗುವ ರಸ್ತೆಯ ಪಕ್ಕ, ಬೇವಿನ ಮರದ ಕೆಳಗೆ ತಗಡಿನ ಎರಡು ಚಪ್ಪರಗಳಿವೆ. ಒಂದರಲ್ಲಿ ಯಲ್ಲಾಲಿಂಗ ಟ್ರ್ಯಾಕ್ಟರಿನ ಟ್ರಾಲಿಗಳನ್ನು ವೆಲ್ಡಿಂಗ್ ಮಾಡಿ ಕಟ್ಟುತ್ತಾನೆ. ಇನ್ನೊಂದರಲ್ಲಿ ಸಮೀಉಲ್ಲಾ ಅವಕ್ಕೆ ಬಣ್ಣ ಹೊಡೆಯುತ್ತಾನೆ. ಕಬ್ಬಿಣ ಕತ್ತರಿಸುವುದು, ಬಗ್ಗಿಸುವುದು, ಬೆಸೆಯುವುದು ಎಲ್ಲ ಯಲ್ಲಾಲಿಂಗನದೇ. ಆದರೆ ಟ್ರಾಲಿ ರಸ್ತೆಗಿಳಿಯುವಾಗ ಹಿಂಬದಿಯ ಮೂಲೆಯಲ್ಲಿ ಇರುವುದು ‘ಸಮೀ ಆರ್ಟ್ಸ್, ಮಾನ್ವಿ’ ಎಂಬ ಹೆಸರು, ಅದರ ಕೆಳಗೆ ಮೊಬೈಲ್ ನಂಬರು. ಈ ಕಡೆ ರೂಢಿಯೇ ಹಾಗೆ. ಕೊನೆಯ ಕೈ ಯಾರದೋ ಹೆಸರೂ ಅವರದೇ. ಯಲ್ಲಾಲಿಂಗ ಇದಕ್ಕೆ ಬೇಸರ ಮಾಡಿಕೊಂಡವನಲ್ಲ. ತನ್ನ ಹೆಸರೂ ಬರೆಯಬಹುದೆಂದು ಅವನಿಗೆ ಹೊಳೆದಂತೆಯೇ ಇರಲಿಲ್ಲ.

ಬಿಸಿಲು ಏರತೊಡಗಿದ್ದ ಒಂದು ಮುಂಜಾನೆ ಸಮೀಯ ತಂಗಿ ಗುಲ್ಫಶಾ ಆಟೋದಲ್ಲಿ ಗೋಣಿಚೀಲಗಳನ್ನು ಹೇರಿಕೊಂಡು ಅಲ್ಲಿಗೆ ಬಂದಳು.

“ಏನ್ ತಂದೀಯವ್ವಾ? ಹತ್ತಿ ಏನು?” ಎಂದು ಯಲ್ಲಾಲಿಂಗ ವೆಲ್ಡಿಂಗ್ ಕನ್ನಡಕವನ್ನು ಹಣೆಗೇರಿಸಿ ಕೇಳಿದ.

ಅವಳು ಚೀಲ ಬಿಚ್ಚಿ ಒಂದೊಂದೇ ಹೊರಗಿಟ್ಟಳು. ಎದೆಕವಚ, ಬೆನ್ನಿನ ಕವಚ, ಭುಜಕ್ಕೆ ಎರಡು ಚಿಪ್ಪು, ಮುಂಗೈಯವು, ಬೆರಳಿನವು, ತೊಡೆಯವು, ಮೊಣಕಾಲಿನವು, ಕಡೆಗೆ ಮುಖ ಪೂರಾ ಮುಚ್ಚುವ ಹೆಲ್ಮೆಟ್. ಎಲ್ಲವೂ ಅಂಗನವಾಡಿಯಲ್ಲಿ ನೆಲಕ್ಕೆ ಹಾಸುವ ಫೋಮಿನ ಚೌಕಗಳಿಂದ ಮಾಡಿದವು. ಹಾಗಾಗಿ ಎದೆ ಗುಲಾಬಿ, ಬೆನ್ನು ಹಳದಿ, ಎಡತೊಡೆಯ ಮೇಲೆ ಒಂದು ನೀಲಿ ಆನೆ.

“ಇದನ್ನ ಹಾಕ್ಕೊಂಡು ಎಲ್ಲಿ ಹೊಂಟೀಬೇ? ಸಂತಿಗೇನು?” ಎಂದ ಸಮೀ.

“ಆನಿ ಮುಚ್ಚಬ್ಯಾಡ ಸಮೀ, ಆನಿ ಇರ್ಲಿ,” ಎಂದು ಯಲ್ಲಾಲಿಂಗ ನಕ್ಕ. “ದಂಡಿಗೆ ಹೋಗೋರಿಗೆ ಆನಿ ಬೇಕಾಗ್ತದ.”

ಗುಲ್ಫಶಾ ನಗಲಿಲ್ಲ. ಇದು ಬೇರೆಯೊಂದು ಗ್ರಹದ ಸಿಪಾಯಿಯ ವೇಷ ಎಂದಳು. ಅಲ್ಲಿ ಬಹಳ ಕಾಲದಿಂದ ಯುದ್ಧ ನಡೆದಿದೆ, ಇದು ಆ ಯುದ್ಧದಲ್ಲಿ ಸವೆದ ಕವಚ. ಅವಳು ಮನೆಯಲ್ಲಿ ಬ್ಲೌಸು ಹೊಲಿಯುವವಳು. ಬ್ಲೌಸಿಗೆ ಮಾಡುವಂತೆಯೇ ಹಳೆಯ ಪೇಪರಿನ ಮೇಲೆ ಅಳತೆ ಹಾಕಿ ಕತ್ತರಿಸಿ, ಆ ಪೇಪರನ್ನು ಫೋಮಿನ ಮೇಲಿಟ್ಟು ಕೊಯ್ದಿದ್ದಳು. ಇಸ್ತ್ರಿ ಪೆಟ್ಟಿಗೆಯ ಕಾವು ತೋರಿಸಿ ಬಗ್ಗಿಸಿ, ಚಪ್ಪಲಿ ಅಂಟಿಸುವ ಗೋಂದಿನಿಂದ ಕೂಡಿಸಿದ್ದಳು. ಥಿನ್ನರ್ ತಾಗಿದರೆ ಫೋಮು ಕೆಡುತ್ತದೆಂದು ಮೇಲೆ ಬಿಳಿ ಗೋಂದಿನ ನೀರು ಪದರಪದರವಾಗಿ ಹಚ್ಚಿ ಒಣಗಿಸಿದ್ದಳು. ಉಳಿದಿದ್ದು ಬಣ್ಣ. ಗಾಳಿಯಿಂದ ಬಣ್ಣ ಹೊಡೆಯುವ ಯಂತ್ರ ಅಣ್ಣನ ಹತ್ತಿರ ಮಾತ್ರ ಇತ್ತು.

ಅದು ಆಟದ ಸಾಮಾನಲ್ಲವೆಂದು ಸಮೀಗೆ ಗೊತ್ತಿತ್ತು. ರಾಯಚೂರಿನ ಒಂದು ಕಾಲೇಜಿನಲ್ಲಿ ವೇಷಗಳ ಸ್ಪರ್ಧೆ ಇತ್ತು, ಯಾರು ಬೇಕಾದರೂ ಬರಬಹುದಿತ್ತು. ಸಿನಿಮಾಗಳಿಗೆ ಕತ್ತಿ, ಕಿರೀಟ, ಕವಚ ಮಾಡಿಕೊಡುವ ಹೈದರಾಬಾದಿನ ಕಾರ್ಖಾನೆಯೊಂದರವರು ಬಂದು, ಕೈ ಚೆನ್ನಾಗಿರುವ ಒಬ್ಬರನ್ನು ಕೆಲಸಕ್ಕೆ ಕರೆದೊಯ್ಯುವವರಿದ್ದರು. ಇತ್ತ ದೇವದುರ್ಗದಿಂದ ಅಲ್ಲಾಬಕ್ಷ್ ಎಂಬವನ ಮನೆಯವರು ಗುಲ್ಫಶಾಳನ್ನು ಕೇಳಿಕೊಂಡು ಬಂದು ಹೋಗಿದ್ದರು. ಹೆಂಡತಿ ತೀರಿದವನು, ಬಸ್ ನಿಲ್ದಾಣದ ಹತ್ತಿರ ಬಟ್ಟೆ ಅಂಗಡಿ, ಮಕ್ಕಳು ಶಾಲೆಗೆ ಹೋಗುವವರು. ತಾಯಿ ಗುಲ್ಶನ್ ಬೇಗಂ ಅವರಿಗೆ ಉತ್ತರ ಕೊಡದೆ ತಡೆದಿದ್ದಳು. ಮಗಳು ಅತ್ತುಕೊಂಡು ಕೇಳಿದ್ದಕ್ಕೆ ಅಷ್ಟು ಮಾಡಿದ್ದಳು. ಕೆಲಸ ಸಿಕ್ಕರೆ ಹೈದರಾಬಾದಿನಲ್ಲಿ ತಾಯಿಯ ತಂಗಿ ಖಾಲಾನ ಮನೆಯಲ್ಲಿದ್ದು ದುಡಿಯಲಿ. ಸಿಗದಿದ್ದರೆ ಮಾತಿಲ್ಲದೆ ದೇವದುರ್ಗ.

ಸಮೀ ಮೊದಲು ಭುಜದ ಚಿಪ್ಪುಗಳನ್ನು ತೆಗೆದುಕೊಂಡ. ಕಪ್ಪು ಹೊಡೆದು, ಅದರ ಮೇಲೆ ಅಲ್ಯುಮಿನಿಯಂ ಬಣ್ಣ, ಅದರ ಮೇಲೆ ಎಲೆಹಸಿರು. ಒಣಗಿದ ಮೇಲೆ ಅವು ಹೊಸ ಟ್ರ್ಯಾಕ್ಟರಿನ ಬಾನೆಟ್ಟಿನಂತೆ ಹೊಳೆದವು. ಮರದ ಕೆಳಗೆ ಎತ್ತಿ ಹಿಡಿದ.

“ಮಾರಿ ಕಾಣ್ತದ ನೋಡು ಇದ್ರಾಗ.”

ಗುಲ್ಫಶಾ ಬಣ್ಣ ಕೆರೆಯುವ ಉಪ್ಪುಕಾಗದದ ಚೂರು ತೆಗೆದುಕೊಂಡು ಚಿಪ್ಪಿನ ಅಂಚನ್ನು ತಿಕ್ಕಲು ಹೋದಳು. ಅವನು ಅವಳ ಮಣಿಕಟ್ಟನ್ನು ಹಿಡಿದು ತಿರುವಿದ. ನೋವಾಗುವಷ್ಟು ತಿರುವಿದ.

“ಹುಚ್ಚ ಹಿಡದದೇನು? ಹೊಸಾದನ್ನ ಹಾಳ್ ಮಾಡ್ತಿ?”

“ಹಾಳ್ ಆಗ್ಬೇಕು ಭಾಯಿ. ಅದ ಅದರ ಕೆಲ್ಸ. ಕೈ ಬಿಡು, ತೋರಸ್ತೀನಿ.”

ಮೊಣಕಾಲಿನ ಚಿಪ್ಪಿಗೆ ಬೆಳ್ಳಿಬಣ್ಣ ಹೊಡೆಸಿದಳು. ಅದರ ಅಂಚಿನಲ್ಲಿ ನೀರು ಚಿಮುಕಿಸಿ ಹರಳುಪ್ಪು ಉದುರಿಸಿದಳು. ಅದರ ಮೇಲೆಯೇ ಹಸಿರು ಹೊಡೆಸಿ, ಒಣಗಿದ ಮೇಲೆ ಉಪ್ಪನ್ನು ಬೆರಳಿನಿಂದ ಉಜ್ಜಿ ಉದುರಿಸಿದಳು. ಉಪ್ಪು ಕೂತಲ್ಲೆಲ್ಲ ಹಸಿರು ಕಿತ್ತುಬಂದು ಕೆಳಗಿನ ಬೆಳ್ಳಿ ಇಣುಕಿತು. ಎಷ್ಟೋ ವರ್ಷ ಕಲ್ಲಿಗೆ ಮೊಣಕಾಲೂರಿದ ಕಬ್ಬಿಣದಂತೆ ಕಂಡಿತು. ಆಮೇಲೆ ಕಪ್ಪು ಬಣ್ಣವನ್ನು ತೆಳ್ಳಗೆ ಕಲಸಿ ಮೇಲೆಲ್ಲ ಬಳಿದು, ಆರುವ ಮೊದಲೇ ಚಿಂದಿಯಿಂದ ಒರೆಸಿದಳು. ಸಂದುಗಳಲ್ಲಿ ಮಾತ್ರ ಮಸಿ ಉಳಿಯಿತು.

ಸಮೀ ಬೀಡಿ ಹಚ್ಚುವುದನ್ನು ಮರೆತು ನೋಡಿದ. ಹುಟ್ಟಿದಂದಿನಿಂದ ಹಳೆಯದನ್ನು ಹೊಸದು ಮಾಡಿದವನು. ತುಕ್ಕು, ಅವನ ಮಾತಿನಲ್ಲಿ ಜಂಗು, ಹಿಡಿದ ಟ್ರಾಲಿ ಬಂದರೆ ಮಾಲೀಕನನ್ನು ಬೈದು, ಕೆರೆದು, ಹೊಳೆಯುವಂತೆ ಮಾಡಿ ಕಳಿಸುವವನು. ಜಂಗು ಎಲ್ಲಿ ಹುಟ್ಟುತ್ತದೆ, ಎತ್ತ ಇಳಿಯುತ್ತದೆ, ಮಳೆನೀರು ಯಾವ ಬೋಲ್ಟಿನ ಕೆಳಗೆ ನಿಂತು ಯಾವ ಗೆರೆ ಎಳೆಯುತ್ತದೆ ಎಂಬುದೆಲ್ಲ ಅವನ ಕಣ್ಣಿನಲ್ಲಿ ಇತ್ತು. ಅದನ್ನು ಉಲ್ಟಾ ಮಾಡಬಹುದೆಂದು ಮಾತ್ರ ಗೊತ್ತಿರಲಿಲ್ಲ.

“ಆ ಕಡಿ ಸರಿ, ನಾ ಮಾಡ್ತೀನಿ,” ಎಂದ.

ಮರುದಿನದಿಂದ ಅವಳ ಕೈಗೆ ಕುಂಚ ಸಿಗಲಿಲ್ಲ. ಸಮೀ ಇಟ್ಟಂಗಿಯ ಪುಡಿ, ಅರಿಶಿನ, ಟ್ರಾಲಿಯ ಕೆಳಗಿನ ಕರಿಗ್ರೀಸು ತಂದ. ಹತ್ತಿರದ ಇಟ್ಟಂಗಿ ಭಟ್ಟಿಯಿಂದ ಶಕ್ತಿನಗರದ ವಿದ್ಯುತ್ ಸ್ಥಾವರದ ಹಾರುಬೂದಿಯನ್ನು ಡಬ್ಬಿ ತುಂಬ ತರಿಸಿದ. ಬೂದಿಯನ್ನು ಒಣಕುಂಚದಿಂದ ಸೊಂಟದ ಕೆಳಗಿನ ಭಾಗಗಳಿಗೆ ಬಡಿದ. ನಡೆದವನಿಗೆ ಧೂಳು ಅಲ್ಲಿಯೇ ಹತ್ತುವುದು. ಬೋಲ್ಟಿನ ಗುರುತಿದ್ದಲ್ಲೆಲ್ಲ ಜಂಗು ಸೋರಿಸಿದ. ಟ್ರಾಲಿ ಕೇಳಿಕೊಂಡು ಬಂದ ರೈತರನ್ನು ಕಾಯಿಸಿದ.

ಒಂದು ಮಧ್ಯಾಹ್ನ ಗುಲ್ಫಶಾ ಚಹಾ ತೆಗೆದುಕೊಂಡು ಬಂದಾಗ ಅವನು ಎದೆಕವಚವನ್ನು ತೊಡೆಯ ಮೇಲಿಟ್ಟುಕೊಂಡು ಚಾಕು ಹಿಡಿದಿದ್ದ. ಅವಳು ಕೂಗುವಷ್ಟರಲ್ಲಿ ಎಡಗಡೆಯ ಉಬ್ಬಿನಿಂದ ಕೆಳಗಿನವರೆಗೂ ಸೀಳಿಯೇಬಿಟ್ಟ. ಅವಳು ಬಹಳ ದಿನ ಕೂತು, ಕೈ ಸುಟ್ಟುಕೊಂಡು ಬಗ್ಗಿಸಿದ್ದ ಉಬ್ಬು ಅದು. ಗುಲಾಬಿ ಬಣ್ಣದ ಒಳಗು ಮಾಂಸದಂತೆ ಬಾಯಿ ತೆರೆಯಿತು.

“ಭಾಯಿ!”

“ಬಾಯ್ ಮುಚ್ಚು. ಯುದ್ಧಕ್ಕ ಹೋದಂವಗ ಒಂದ್ ಏಟೂ ಬಿದ್ದಿಲ್ಲಂದ್ರ ಯಾರ್ ನಂಬ್ತಾರ?”

ಸೀಳಿನ ಒಳಗೆ ಬೆಳ್ಳಿ ತುಂಬಿದ, ಅಂಚಿಗೆ ಕಪ್ಪು ಮಸಿ, ಅದರಾಚೆ ನೀಲಿಯ ಒಂದು ಎಳೆ. ಬೆಂಕಿಯ ಕತ್ತಿಯೊಂದು ಕಬ್ಬಿಣವನ್ನು ಈಗಷ್ಟೇ ಕೊಯ್ದಂತೆ ಆಯಿತು. ಅದು ಚೆನ್ನಾಗಿತ್ತು. ತಾನು ಮಾಡಿದ ಯಾವುದಕ್ಕಿಂತಲೂ ಚೆನ್ನಾಗಿದೆಯೆಂದು ಗುಲ್ಫಶಾಗೆ ತಿಳಿಯಿತು. ಚಹಾದ ಲೋಟಗಳನ್ನು ಅಲ್ಲೇ ಇಟ್ಟು ಮನೆಗೆ ಹೋದಳು.

ಎಲ್ಲ ಮುಗಿದ ದಿನ ಬೆನ್ನಿನ ಕವಚದ ಕೆಳಮೂಲೆಯಲ್ಲಿ ‘ಸಮೀ ಆರ್ಟ್ಸ್, ಮಾನ್ವಿ’ ಎಂದು ಬರೆದಿತ್ತು. ಅದಕ್ಕೂ ಜಂಗು ಹಿಡಿಸಿದ್ದ.

“ಇದನ್ನ ಅಳಸು ಭಾಯಿ.”

“ಯಾಕ? ಬಣ್ಣ ನಂದಲ್ಲೇನು?”

“ಬರ್ಕೊಳ್ಳಲಿ ಬಿಡವ್ವಾ,” ಎಂದ ಯಲ್ಲಾಲಿಂಗ, ಬೆಸೆಯುತ್ತಿದ್ದ ಕಬ್ಬಿಣದಿಂದ ಮುಖ ಎತ್ತದೆ. “ನನ್ ಟ್ರಾಲಿಗೂ ಅಂವನ ಹೆಸರ ಇರ್ತದ. ನನಗೇನ್ ಕಡಿಮಿ ಆಗ್ಯದ?”

ಬೆನ್ನ ಮೇಲಿನದನ್ನು ಓದುವವರು ಯಾರು ಎಂದುಕೊಂಡು ಗುಲ್ಫಶಾ ಅದನ್ನು ಹಾಗೆಯೇ ಬಿಟ್ಟಳು.

ರಾಯಚೂರಿನ ಆ ಕಾಲೇಜಿನ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಬಿಸಿಲಿಗೆ ಶಾಮಿಯಾನದ ನೆರಳೂ ಕಾದಿತ್ತು. ರಟ್ಟಿನ ರೋಬೋಟುಗಳು, ಮಿಂಚುವ ಬಟ್ಟೆಯ ರೆಕ್ಕೆಯವರು, ಮುಖಕ್ಕೆ ನೀಲಿ ಬಳಿದುಕೊಂಡವರು ಸಾಲಾಗಿ ನಿಂತಿದ್ದರು. ಗುಲ್ಫಶಾ ವೇದಿಕೆ ಹತ್ತಿದಾಗ ಗದ್ದಲ ನಿಂತಿತು. ಹಿಂದಿನಿಂದ ಯಾರೋ ಸೀಟಿ ಹೊಡೆದರು.

ಕಾರ್ಖಾನೆಯ ಕಡೆಯಿಂದ ಬಂದಿದ್ದವಳು ಯಶೋಧಾ. ಹೈದರಾಬಾದು ಸೇರಿ ಬಹಳ ವರ್ಷವಾಗಿದ್ದರೂ ಅವಳ ತವರು ಕವಿತಾಳ. ಮಾತು ಇನ್ನೂ ಇಲ್ಲಿಯದೇ. ಅವಳು ಮಂಡಿಯೂರಿ ಕೂತು ಮೊಣಕಾಲಿನ ಚಿಪ್ಪನ್ನು ಉಗುರಿನಿಂದ ಕೆರೆದಳು. ಎದೆಯ ಸೀಳಿನಲ್ಲಿ ಬೆರಳಿಟ್ಟಳು.

“ಫೋಮ್ ಅಂದ್ರ ನಂಬಾಕ ಆಗವಲ್ದು. ಯಾರ್ ಮಾಡಿದ್ದಿದು?”

ಹೆಲ್ಮೆಟ್ಟಿನೊಳಗಿಂದ ಗುಲ್ಫಶಾ “ನಾನ ಮಾಡೀನ್ರಿ ಮೇಡಂ” ಎಂದಳು. ಹೊರಗೆ ಬಂದದ್ದು ಒಂದು ಗುಂಯ್‌ಗುಡುವ ಸದ್ದು. ಹೆಲ್ಮೆಟ್ಟಿನ ಕೊಂಡಿ ಕತ್ತಿನ ಹಿಂದಿತ್ತು. ಕವಚದ ದಪ್ಪ ಬೆರಳುಗಳಿಂದ ಅದನ್ನು ತಾನೇ ಬಿಚ್ಚಲಾಗದು. ಅದನ್ನು ಹಾಕಿದವನು ಸಮೀ, ಬಿಚ್ಚಬೇಕಾದವನೂ ಅವನೇ. ಯಶೋಧಾ ಅವಳ ಹಿಂದೆ ಸುತ್ತಿಬಂದು ನಿಂತಳು. ಓದಿದಳು.

“ಸಮೀ ಅಂದ್ರ ಯಾರ್ರಿ?”

ಸಮೀ ಜನರ ನಡುವಿನಿಂದ ಕೈ ಎತ್ತಿ, ಒಗೆದ ಅಂಗಿಯ ಕಾಲರು ಸರಿಮಾಡಿಕೊಳ್ಳುತ್ತ ವೇದಿಕೆಗೆ ಬಂದ. ಗುಲ್ಫಶಾ ಕತ್ತನ್ನು ಅವನ ಕಡೆ ಬಾಗಿಸಿದಳು, ಕೊಂಡಿ ಬಿಚ್ಚಲೆಂದು. ಅವನು ಅವಳ ಭುಜದ ಚಿಪ್ಪಿನ ಮೇಲೆ ಕೈಯಿಟ್ಟು ನಿಂತ, ಟ್ರಾಲಿಯ ಮೇಲೆ ಕೈಯಿಟ್ಟು ಗಿರಾಕಿಯ ಜೊತೆ ಮಾತಾಡುವಂತೆ.

“ಈ ತುಕ್ಕು ಹೆಂಗ್ ಮಾಡೀರಿ?”

ಸಮೀ ಹೇಳಿದ. ಉಪ್ಪು, ಇಟ್ಟಂಗಿ, ಹಾರುಬೂದಿ. ಹೇಳುತ್ತ ಹೇಳುತ್ತ ಅವನ ದನಿ ಬಿಚ್ಚಿಕೊಂಡಿತು. ಯಶೋಧಾ ತಲೆಯಾಡಿಸುತ್ತ ಕೇಳಿದಳು.

“ಕಟಿಂಗೂ ನಿಮ್ದ ಏನ್ರಿ?”

ಭುಜದ ಮೇಲಿನ ಕೈ ಒಂದು ಗಳಿಗೆ ಸಡಿಲವಾದದ್ದು ಗುಲ್ಫಶಾಗೆ ಫೋಮಿನೊಳಗಿಂದಲೂ ಗೊತ್ತಾಯಿತು. ಆಮೇಲೆ ಅದು ಮತ್ತೆ ಬಿಗಿಯಾಯಿತು.

“ಎಲ್ಲಾ ನಂದ್ರಿ. ಈಕಿ ನಮ್ ತಂಗಿ. ಹಾಕ್ಕೊಂಡು ನಿಂತಾಳಷ್ಟ.”

ಅವಳು ಒಳಗೆ ಕಿರುಚಿದಳು. ಮುಂದಿನ ಸಾಲಿನ ಹುಡುಗರು ಸಿಪಾಯಿ ಆಕ್ಟಿಂಗ್ ಮಾಡುತ್ತಿದ್ದಾನೆಂದು ಚಪ್ಪಾಳೆ ತಟ್ಟಿದರು. ಸಮೀ ಕೊಂಡಿ ಬಿಚ್ಚಿದಾಗ ಯಶೋಧಾ ಪಕ್ಕದ ರೆಕ್ಕೆಯವನ ಹತ್ತಿರ ಹೋಗಿಯಾಗಿತ್ತು. ಗುಲ್ಫಶಾ ಬೆವರಿಗೆ ಕೂದಲು ಮುಖಕ್ಕೆ ಅಂಟಿದ ಹಾಗೆಯೇ ಅವಳ ಹಿಂದೆ ಹೋದಳು.

“ಮೇಡಂ, ಕಟಿಂಗ್ ನಂದ್ರಿ. ಅಳತಿ, ಜೋಡಣಿ, ಬಣ್ಣದ ಯೋಚನಿ, ಎಲ್ಲಾ ನಂದ್ರಿ.”

ಯಶೋಧಾ ಸಮೀಯತ್ತ ನೋಡಿದಳು. ಸಮೀ ನಕ್ಕ, ಮಕ್ಕಳ ಹಟಕ್ಕೆ ದೊಡ್ಡವರು ನಗುವ ಹಾಗೆ. “ಹೌದ್ರಿ, ಹೌದು. ಆಕಿ ಹೆಸರೂ ಬರ್ಕೋರಿ. ಇಲ್ಲಾಂದ್ರ ಮನ್ಯಾಗ ನನಗ ಊಟ ಹಾಕಂಗಿಲ್ಲ.”

ಸುತ್ತಲಿನವರೆಲ್ಲ ನಕ್ಕರು. ಯಶೋಧಾಳೂ ನಕ್ಕಳು. “ಹೋಗವ್ವಾ, ನೀರ್ ಕುಡಿ ಹೋಗು. ಮಾರಿ ಕೆಂಪಾಗ್ಯದ,” ಎಂದಳು.

ಕೆಲಸಕ್ಕೆ ಆರಿಸಿದ್ದು ಸಮೀಯನ್ನು. ಮಾನ್ವಿಗೆ ಮರಳುವ ಬಸ್ಸಿನಲ್ಲಿ ಅವನು ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.  ಕಲ್ಲೂರು ದಾಟಿದ ಮೇಲೆ ಕಿಟಕಿಯ ಕಡೆ ನೋಡುತ್ತ ಅಂದ: “ನೀ ಹೆಂಗೂ ಹೆಣ್ಣುಡುಗಿ, ಇವತ್ತಲ್ಲ ನಾಳಿ ದೇವದುರ್ಗಕ್ಕ ಹೋಗಾಕಿ. ನಾ ಸಾಯೋತನ ಟ್ರಾಲಿಗೆ ಬಣ್ಣ ಬಳಕೋತ ಕುಂದ್ರಬೇಕೇನು?”



ಗುಲ್ಶನ್ ಬೇಗಂ ಓಣಿಗೆಲ್ಲ ಸಕ್ಕರೆ ಹಂಚಿದಳು. ಒಳಗೆ ಬಂದು ಮಗಳ ಪಕ್ಕದಲ್ಲಿ ಕೂತು ತಲೆ ಸವರಿದಳು. “ರೋನಾ ನಕ್ಕೋ ಬೇಟಾ, ಅಳಬ್ಯಾಡ. ಮನಿಗಂತೂ ಬಂತಲ್ಲ. ನಿನಗ ಬಂದ್ರೇನು, ಅವನಿಗೆ ಬಂದ್ರೇನು?” ಮರುದಿನವೇ ದೇವದುರ್ಗಕ್ಕೆ ಒಪ್ಪಿಗೆಯ ಮಾತು ಹೋಯಿತು.

ಸಮೀ ಕವಚವನ್ನು ಮಾದರಿಯೆಂದು ಚೀಲದಲ್ಲಿ ತುಂಬಿಕೊಂಡು ಹೈದರಾಬಾದಿಗೆ ಹೋದ. ಕೆಲವು ವಾರ ಫೋನಿನಲ್ಲಿ ಅವನ ನಗುವೇ ನಗು. ಬಣ್ಣದ ಕೋಣೆಯಲ್ಲಿ ಎಲ್ಲರೂ ತನ್ನನ್ನು ‘ಜಂಗ್ ಭಾಯಿ’ ಎನ್ನುತ್ತಾರೆ ಎಂದ. ಖಾಲಾನ ಮನೆಯ ಬಿರಿಯಾನಿಯ ಮಾತಾಡಿದ. ಒಂದು ಸಂಜೆ ಮಾತ್ರ ಅವನ ದನಿ ಕುಗ್ಗಿತ್ತು. ತಂಗಿಗೆ ಫೋನ್ ಕೊಡು ಎಂದ.

“ಗುಲ್ಫಾ, ನಾಡದು ಮುಂಜಾನೆ ಪರೀಕ್ಷಾ ಇಟ್ಟಾರ. ಎಲ್ಲರ ಮುಂದ ಒಂದ್ ಹೆಲ್ಮೆಟ್ ಕತ್ತರಸಿ ಕೂಡಸ್ಬೇಕಂತ. ಅದಾದ್ರ ನೌಕರಿ ಕಾಯಂ. ನಿನ್ನ ಆ ಪೇಪರ್ ಕಟಿಂಗ್ ಅದಾವಲ್ಲ, ಅವು ಬೇಕಿತ್ತು. ಫೋಟೋ ನಡಿಯಂಗಿಲ್ಲ, ಫೋಮಿನ ಮ್ಯಾಲ ಇಟ್ಟು ಕೊಯ್ಯಬೇಕು. ನಾಳಿ ಮುಂಜಾನೆ ಬಸ್ಸಿಗೆ ಹಾಕ್ತಿಯೇನು?”

“ಹೂಂ,” ಎಂದಳು.

ಹೈದರಾಬಾದಿಗೆ ಏನೇ ಕಳಿಸುವುದಿದ್ದರೂ ಮಾನ್ವಿಯವರು ಮುಂಜಾನೆಯ ಬಸ್ಸಿನ ಕಂಡಕ್ಟರ್ ಗದ್ದೆಪ್ಪನ ಕೈಗೆ ಕೊಡುತ್ತಿದ್ದರು. ಕಲ್ಲೂರಿನವನು, ನಿವೃತ್ತಿಯ ಅಂಚಿನಲ್ಲಿದ್ದ ಮನುಷ್ಯ. ಔಷಧಿ, ಉಪ್ಪಿನಕಾಯಿ, ಓದುವ ಮಕ್ಕಳ ಬಟ್ಟೆ, ಏನಿದ್ದರೂ ಸೀಟಿನ ಕೆಳಗೆ ಇಟ್ಟುಕೊಂಡು ಅಲ್ಲಿ ಕಾದವರಿಗೆ ಒಪ್ಪಿಸುತ್ತಿದ್ದ. ಚೀಟಿಯಿಲ್ಲ, ಗುರುತಿಲ್ಲ, ಬಾಯಿಮಾತು ಅಷ್ಟೇ. ಅವನ ಕೈಯಿಂದ ಒಂದು ಗಂಟು ತಪ್ಪಿದ್ದು ಯಾರಿಗೂ ನೆನಪಿಲ್ಲ.

ಗುಲ್ಫಶಾ ಪೇಪರುಗಳನ್ನು ಸುತ್ತಿ ದಾರ ಕಟ್ಟಿ, ಚೀಲದಲ್ಲಿಟ್ಟುಕೊಂಡು ಬಸ್ ನಿಲ್ದಾಣಕ್ಕೆ ಹೋದಳು. ಕೊಡಲೆಂದೇ ಹೋದಳು. ಚಹಾದಂಗಡಿಯ ಕಂಬದ ಹತ್ತಿರ ನಿಂತಳು. ಗದ್ದೆಪ್ಪ ಬಸ್ಸಿನ ಬಾಗಿಲಲ್ಲಿ ನಿಂತು ಯಾರದೋ ಗಂಟು ಇಸಿದುಕೊಳ್ಳುತ್ತಿದ್ದ. ಅವಳತ್ತ ಒಮ್ಮೆ ನೋಡಿದ. ಅವಳು ಹೆಜ್ಜೆ ಎತ್ತಲಿಲ್ಲ. ಅವನು ಸೀಟಿ ಊದಿದ, ಬಸ್ಸು ಹೊರಟಿತು. ಅದು ತಿರುವಿನಲ್ಲಿ ಮರೆಯಾದ ಮೇಲೆ ಅವಳೇ ಅಣ್ಣನಿಗೆ ಫೋನ್ ಮಾಡಿದಳು.

“ಕೊಟ್ಟೀನಿ ಭಾಯಿ. ಗದ್ದೆಪ್ಪ ಕಾಕಾನ ಕೈಯಾಗ. ಸೀಟಿನ ಕೆಳಗ ಇಟ್ಟಾನ. ಬಸ್ ಸ್ಟ್ಯಾಂಡಿಗೆ ಲಗೂನ ಹೋಗಿ ನಿಂದ್ರು.”

ಮನೆಗೆ ಬಂದು ನೀರು ಕಾಯಿಸುವ ಒಲೆಗೆ ಪೇಪರುಗಳನ್ನು ಒಂದೊಂದಾಗಿ ಹಾಕಿದಳು. ಹೆಲ್ಮೆಟ್ಟಿನವು ಬೇಗ ಉರಿದವು. ಎದೆಯ ಭಾಗದ್ದು ದೊಡ್ಡದಿತ್ತು, ಮಡಚಿ ತುರುಕಬೇಕಾಯಿತು. ಆ ನೀರಿನಲ್ಲಿ ತಲೆಸ್ನಾನ ಮಾಡಿದಳು.

ಸಂಜೆಗೆ ಸಮೀಯ ಫೋನು ಬಂತು. ಗದ್ದೆಪ್ಪ ತನಗೆ ಯಾರೂ ಏನೂ ಕೊಟ್ಟಿಲ್ಲ ಎನ್ನುತ್ತಾನೆ, ತಾವಿಬ್ಬರೂ ಸೀಟುಗಳ ಕೆಳಗೆಲ್ಲ ಬಗ್ಗಿ ನೋಡಿದ್ದಾಯಿತು ಎಂದ. ಗುಲ್ಫಶಾ ಸಣ್ಣ ದನಿಯಲ್ಲಿ ಹೇಳಿದಳು: “ನಾ ಕೈಯಾರೆ ಕೊಟ್ಟೀನಿ. ದಾರಿಯಾಗ ಎಲ್ಲಿ ಬೀಳಿಸ್ಯಾನೋ ಏನೋ.”

ಮರುದಿನ ಸಮೀ ಎಲ್ಲರ ಮುಂದೆ ಫೋಮು ಕತ್ತರಿಸಿದ. ಕೂಡಿಸಿದಾಗ ಅದು ಒಂದು ಕಡೆ ಒಡೆದ ಗಡಿಗೆಯಂತೆ ಆಯಿತು. ನಕ್ಕವರು ನಕ್ಕರು. ಬಣ್ಣದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಸುಳ್ಳು ಹೇಳುವವರು ಬೇಡ ಎಂದು ಯಶೋಧಾ ಅವನನ್ನು ಹೊರಗೆ ಹಾಕಿದಳು. ಕವಚ ಅಲ್ಲಿಯೇ ಉಳಿಯಿತು.

ಅವನು ಊರಿಗೆ ಬಂದವನು ಮನೆಗೆ ಬರಲಿಲ್ಲ. ಬಸ್ ನಿಲ್ದಾಣದಲ್ಲಿಯೇ ಕಾದು, ಗದ್ದೆಪ್ಪ ಇಳಿಯುತ್ತಿದ್ದ ಹಾಗೆ ಕೊರಳಪಟ್ಟಿ ಹಿಡಿದ. ಟಿಕೆಟ್ ಯಂತ್ರ ನೆಲಕ್ಕೆ ಬಿತ್ತು. ಮುದುಕ ಎರಡೂ ಕೈ ಮುಗಿದು “ತಮ್ಮಾ, ತಮ್ಮಾ” ಎನ್ನುತ್ತಿದ್ದನಂತೆ. ಸಮೀ ಬಾಯಿಗೇ ಹೊಡೆದ. ಯಲ್ಲಾಲಿಂಗ ಓಡಿಬಂದು ಬಿಡಿಸುವಷ್ಟರಲ್ಲಿ ಗದ್ದೆಪ್ಪನ ಮುಂದಿನ ಹಲ್ಲು ಮುರಿದು ಅಂಗಿಯೆಲ್ಲ ರಕ್ತವಾಗಿತ್ತು. ನೋಡುತ್ತಿದ್ದವರಲ್ಲಿ ಕೆಲವರು ಅಂದರು: ಒಬ್ಬ ಹುಡುಗನ ಹೊಟ್ಟೆಯ ಮೇಲೆ ಹೊಡೆದವನಿಗೆ ಇಷ್ಟಾದರೂ ಆಗಬೇಕು. ಮರುದಿನದಿಂದ ಅವನ ಕೈಗೆ ಯಾರೂ ಗಂಟು ಕೊಡಲಿಲ್ಲ.

ಗುಲ್ಫಶಾಳ ನಿಕಾಹಿನ ಹಿಂದಿನ ದಿನ ಮನೆ ತುಂಬ ನೆಂಟರು. ಹಜಾರದಲ್ಲಿ ಅವಳನ್ನು ಚಾಪೆಯ ಮೇಲೆ ಕೂರಿಸಿ, ಓಣಿಯ ಬಡೇಬೀ ಕೈಗೆ ಮೆಹಂದಿ ಹಾಕುತ್ತಿದ್ದಳು. ಹೆಂಗಸರು ಹಾಡುತ್ತಿದ್ದರು. ಹಾಡು ಒಮ್ಮೆಲೆ ನಿಂತಿತು. ಬಾಗಿಲ ಹೊರಗೆ ಗದ್ದೆಪ್ಪ ನಿಂತಿದ್ದ. ತುಟಿ ಊದಿತ್ತು. ಚಪ್ಪಲಿ ಕಳಚಿ ಒಂದು ಕಡೆ ಇಟ್ಟಿದ್ದ.

ಸಮೀ ಎದ್ದ. “ಮತ್ತ್ಯಾಕ ಬಂದೀಯಲೇ?”

“ಜಗಳಕ್ಕ ಬಂದಿಲ್ಲ ತಮ್ಮಾ. ತಂಗಿನ ಒಂದ್ ಮಾತ್ ಕೇಳಿ ಹೋಗ್ತೀನಿ.” ಹಲ್ಲಿಲ್ಲದ ಜಾಗದಿಂದ ಮಾತು ಸೋರುತ್ತಿತ್ತು. ಅವನು ಒಳಗೆ ಕಾಲಿಡದೆ ಅಲ್ಲಿಂದಲೇ ಬಗ್ಗಿ ನೋಡಿದ. “ಯವ್ವಾ, ನಾ ಭಾಳ ಯೋಚ್ನಿ ಮಾಡ್ದೆ. ಅವತ್ತ ನೀ ಚಾದಂಗಡಿ ಕಂಬದ ಹಂತ್ಯಾಕ ನಿಂತಿದ್ದಿ, ಅದು ನೆಪ್ಪದ. ಕೈಯಾಗ ಚೀಲ ಇತ್ತು, ಅದೂ ನೆಪ್ಪದ. ಮುಂದಿಂದು ಏನ್ ಮಾಡಿದ್ರೂ ನೆಪ್ಪ ಆಗವಲ್ದು. ವಯಸ್ಸಾತು ನೋಡು. ನೀ ನನ್ ಕೈಯಾಗ ಕೊಟ್ಟಿದ್ದೇನು ಯವ್ವಾ? ನೀ ಹೌದು ಅಂದ್ರ ಹೌದು.”

ಎಲ್ಲರೂ ಗುಲ್ಫಶಾಳನ್ನು ನೋಡಿದರು. ಅವಳು ಮುಖ ಎತ್ತಿ ಗದ್ದೆಪ್ಪನ ಕಣ್ಣನ್ನೇ ನೋಡಿದಳು.

“ಕೊಟ್ಟಿದ್ದೆ ಕಾಕಾ.”

 ಗದ್ದೆಪ್ಪ ತಲೆ ಆಡಿಸಿದ.

“ಹಂಗಾರ ನಾನ ಕಳದೀನಿ,” ಎಂದ. ಸಮೀಯ ಕಡೆ ತಿರುಗಿ ಕೈ ಮುಗಿದ. “ತಪ್ಪಾತು ತಮ್ಮಾ. ನಿ‌ನ್ ಬಾಳೇವು ಹಾಳ್ ಮಾಡ್ದೆ.” ಚಪ್ಪಲಿ ಹಾಕಿಕೊಳ್ಳಲು ಬಗ್ಗಿದ, ಕಾಲು ಸರಿಯಾಗಿ ಸೇರದೆ ಒಂದನ್ನು ಕೈಯಲ್ಲಿ ಹಿಡಿದುಕೊಂಡೇ ಓಣಿ ದಾಟಿದ.

ಹೆಂಗಸರು ಮತ್ತೆ ಹಾಡು ಎತ್ತಿಕೊಂಡರು. ಬಡೇಬೀ ಅಂಗೈಯ ಮೇಲಿನ ಬಳ್ಳಿಯನ್ನು ಮುಗಿಸಿ, ಕಣ್ಣಿನ ಹತ್ತಿರ ಹಿಡಿದು ನೋಡಿದಳು.

“ಎಷ್ಟ್ ಚಲೋ ಕುಂತೀ ಬೇಟಾ,” ಎಂದಳು. “ಒಂದ್ ಗೆರಿ ಸೈತ ಅಲ್ಲಾಡಿಲ್ಲ. ಇನ್ನೊಂದ್ ಕೈ ಕೊಡು.”